ಬಲೆ ಒಂದು ಗೇಣು ಕೆಳಗ

ಆಟದ ಸಾಮಾನಿನ ಖೋಲಿ ಖಾಲಿ ಮಾಡು ಅಂದ್ರು ಸಿಸ್ಟರ್ ಎಸ್ಪೆರಾನ್ಸಾ.
ಗಾಳಿ ಹೋದ ಚೆಂಡು ಹದಿನಾಲ್ಕು,
ಕಾಲು ಮುರಿದ ಕ್ಯಾರಂ ಸ್ಟ್ಯಾಂಡು,
ಜನವರಿ ಇಪ್ಪತ್ತಾರರ ಕಾಗದದ ತೋರಣ,
ಎಲ್ಲಾ ಹೊತ್ತು ಹಾಕಿದೆ ಮೆಟ್ಟಿಲ ಕೆಳಗ.
ಇನ್ನ ಮ್ಯಾಲೆ ಇದು ಪ್ರಾರ್ಥನಾದ ಖೋಲಿ, ಯಮನೂರ.
ಯಾವ ದೇವರದ್ರಿ?
ಚಾಕ್‌ಪೀಸು ಗದ್ದಕ್ಕ ಒತ್ತಿ ಯೋಚನಿ ಮಾಡಿ
ಫೋಟೋ ಬ್ಯಾಡ ಅಂದ್ರು.
ಮೊಳಿ ಹೊಡಿಯಾಕ ಎತ್ತಿದ ಸುತ್ತಿಗಿ
ಕೈಯಾಗ ಉಳೀತು.

ವಾಸ್ಕೋದ ಗಾಳಿಗೆ ಎರಡು ಕೆಲಸ:
ಮೀನಿನ ವಾಸನಿ ತರೂದು,
ಬಂದರದ ಕಲ್ಲಿದ್ದಲ ಪುಡಿ ಹರವೂದು.
ಹತ್ತು ವರ್ಷ ಆ ಕಿಟಕಿ ಒರಸಿದಾಂವ ನಾನು.
ಈಗ ಒಂದು ಗಾಜು ಒರಸಬ್ಯಾಡ ಅಂತ ಹುಕುಂ.
ಮಕ್ಕಳು ಆ ಕಪ್ಪಿನ ಮ್ಯಾಲೆ ಬೆರಳಾಡಸತಾರಂತ,
ಬೆರಳು ಹೋದಲ್ಲಿ ಬೆಳಕು ಬರತೈತಂತ.
ಬಂತು, ಖರೇ.
ಮೊದಲ ದಿನ ಮೀಸಿ ಇದ್ದ ಒಂದು ಮೀನು.
ಆಮ್ಯಾಲೆ ಯಾರದೋ ಹೆಸರು,
ಅದರ ಮ್ಯಾಲೆ ಗೀಟು.

ಒಂದು ಬಕೀಟು ನೀರು, ಬೈನಾ ದಂಡಿಯ ಹರಳು.
ತಪ್ಪು ಮಾಡಿದವರು ಕಲ್ಲಿಗೆ ಹೇಳಿ ನೀರಿಗೆ ಬಿಡಬೇಕು.
ಮೂರನೇತ್ತಾ ಒಲಾವಿಯೋ ಒಬ್ಬನ ಇಪ್ಪತ್ತು ಬಿಟ್ಟ.
ಇಷ್ಟೆಲ್ಲ ಎಲ್ಲಿಂದ ತಂದಿಯೋ?
ಅಕ್ಕಂದೂ ಸೇರಿ, ಅಂದ.

ಖಾರ್ವಿವಾಡೆಯಿಂದ ಹರಿದ ಬಲೆ ಬಂತು.
ಹೊತ್ತು ತಂದ ಮುದುಕ ಇಳಿಸುವಾಗ ಅಂದ,
ಇದರಾಗ ಮೀನಂತೂ ನಿಲ್ಲಂಗಿಲ್ಲ,
ದೇವರು ನಿಂತರ ನೋಡು.
ಗೋಡಿ ಉದ್ದಕ ಕಟ್ಟಿದೆ.
ಚೀಟಿ ಮಡಚಿ ಬಲೆಯ ಕಣ್ಣಿಗೆ ಸಿಗಸೂದು ಮಕ್ಕಳ ಕೆಲಸ,
ಬಿದ್ದದ್ದನ್ನ ಮತ್ತ ಸಿಗಸೂದು ನಂದು.
ದಾಬೋಳಿಯ ವಿಮಾನ ತಲಿ ಮ್ಯಾಲೆ ಹಾದರ
ಚೀಟಿ ಎಲ್ಲಾ ನಡಗತಾವ.
ಕಣ್ಣು ಮುಚ್ಚಿ ಕುಂತ ಹುಡುಗರು
ಒಂದು ಕಣ್ಣು ತೆರದು
ಯಾವ ಕಂಪನಿದು ಅಂತ ನೋಡಿ
ಮತ್ತ ಮುಚ್ಚತಾರ.

ನನಗ ಇಂಗ್ಲಿಷ್ ಬರಂಗಿಲ್ಲ.
ಕೊಂಕಣಿ ಮಾತು ಬರತೈತಿ, ಅಕ್ಷರ ಇಲ್ಲ.
ಹಿಂದಿ ಬಸ್ಸಿನ ಬೋರ್ಡಿನಷ್ಟು.
ಅದಕ್ಕ ಚಾವಿ ನನಗ ಕೊಟ್ಟಿರಬೇಕು ಸಿಸ್ಟರ್.
ಓದಲಾರದ ಕೈಯಿ ಸ್ವಚ್ಛ ಕೈಯಿ.

ಗುರುವಾರ ಸಂಜಿ ಕಸಬರಿಗಿಗೆ ಸಿಕ್ತು
ಮಡಿಕಿ ಬಿಚ್ಚಿದ ಹಳದಿ ಚೀಟಿ.
ಕನ್ನಡ.
ತಲಿಕಟ್ಟು, ಒತ್ತು, ದೀರ್ಘ ಎಲ್ಲಾ ಡೊಂಕು.
ಕಣ್ಣು ಮುಚ್ಚೂದರಾಗ ಓದಿ ಮುಗದಿತ್ತು:

ದೇವರೇ, ಇಲ್ಲಿ ಯಾರಿಗೂ ಓದಾಕ ಬರಂಗಿಲ್ಲ ಅಂತ
ಅವ್ವ ಕಲಿಸಿದ ಅಕ್ಷರದಾಗ ಬರದೀನಿ.
ನಿನಗ ಬರತೈತಿಲ್ಲೋ?
ಅಪ್ಪ ರಾತ್ರಿ ಬಾಯಾಗ ಟವೆಲ್ ಇಟಗೊಂಡು ಅಳತಾನ.
ಕೆಲಸ ಕೊಡು ಅಂತ ನಾ ಕೇಳಂಗಿಲ್ಲ,
ಅದನ್ನ ಅವ್ವ ಕೇಳತಾಳ.
ಅಂವ ಒಂದು ಸಲ ಜೋರಾಗಿ ಅಳಲಿ.
ನಾವು ಮಲಗಿಲ್ಲ ಅಂತ ಅವಗ ಗೊತ್ತಾಗಲಿ.

ಝುವಾರಿನಗರದಾಗ ನಮ್ಮ ಕಡಿ ಮನಿ ಎಷ್ಟು,
ಈ ಸಾಲಿಗೆ ಬರೂ ಹುಡುಗರೆಷ್ಟು,
ಎಣಸಾಕ ಹತ್ತಿದೆ. ಐದಕ್ಕ ನಿಲ್ಲಿಸಿದೆ.
ಎಣಿಸಿದರ ಮುಖ ಬರತೈತಿ.
ಮುಖ ಬಂದರ ನಾಳೆ ಗೇಟಿನಾಗ ನಿಂತು ನೋಡತೀನಿ.
ನೋಡಿದರ ಆ ಕೂಸು
ಇನ್ನೊಂದು ಭಾಷಾ ಹುಡಕಬೇಕು.

ಏನು ಬರದಾರ, ಯಮನೂರ? ಸಿಸ್ಟರ್ ಬಾಗಲದಾಗ.
ಮಳಿಗೆ ತೊಯ್ದು ಅಕ್ಷರ ಕರಗ್ಯಾವ ಅಂದೆ.
ಮಳಿ ನಿಂತು ಹದಿನೈದು ದಿನ ಆಗಿತ್ತು.
ಅವರು ಕಿಟಕಿ ನೋಡಿದ್ರು, ನನ್ನ ನೋಡಿದ್ರು,
ಹೋದ್ರು.

ಚೀಟಿ ಮಡಚಿದೆ, ನಾಕು ಮಡಿಕಿ.
ಬಲೆಯ ಎಲ್ಲಾಕಿಂತ ಕೆಳಗಿನ ಕಣ್ಣಿನ ಹಂತ್ಯಾಕ
ಗೋಡಿ ಮ್ಯಾಲೆ ಐದು ಕರೀ ಬೆರಳ ಗುರುತು,
ತುದಿಗಾಲ ಮ್ಯಾಲೆ ನಿಂತು ಆತುಗೊಂಡದ್ದು.
ಅದರ ಮ್ಯಾಲೆ ನನ್ನ ಕೈ ಇಟ್ಟು ನೋಡಲಿಲ್ಲ.
ಮೊಳಿ ಕಿತ್ತೆ.
ಒಂದು ಗೇಣು ಕೆಳಗ ಹೊಡದೆ.

ಸುತ್ತಿಗಿ ಚೀಲದಾಗ ಬಂದದ್ದು
ಬಸ್ಸು ಹತ್ತಿದ ಮ್ಯಾಲೆ ಗೊತ್ತಾತು.